ವಕೀಲರು ಕೊಡುವ ನೆರವಿನ ಸುದ್ದಿ ಸಣ್ಣ ಸಂಘಗಳಿಗೂ ಮುಟ್ಟಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಹಾವೇರಿ ಜಿಲ್ಲಾ ಪುಟದಲ್ಲಿ ಸಣ್ಣ ಸಂಘಗಳಿಗೆ ದಾನಿಗಳೇ ಸಿಗುತ್ತಿಲ್ಲ ಎಂಬ ಬರಹ ಓದಿದೆ. ಅದರಲ್ಲಿ ಕಂಪನಿಗಳ ಹಣದ ಮಾತಷ್ಟೇ ಇತ್ತು. ನಮ್ಮ ಸಂಘಕ್ಕೆ ಹಣ ಬಂದದ್ದು ಕಂಪನಿಯಿಂದ ಅಲ್ಲ, ಹುಬ್ಬಳ್ಳಿಯ ಒಂದು ವಕೀಲರ ಕಚೇರಿಯಿಂದ. ಆ ಕಥೆ ಬರೆಯಲೇಬೇಕು ಅನಿಸಿತು.

ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಬ್ಯಾಡಗಿಯಲ್ಲಿ ಹನ್ನೊಂದು ಹೆಂಗಸರು ಸೇರಿ ಒಂದು ಸಂಘ ನಡೆಸುತ್ತೇವೆ. ಕೆಲಸ ಒಂದೇ. ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ತಾಯಂದಿರ ಕೂಸುಗಳನ್ನು ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆವರೆಗೆ ನೋಡಿಕೊಳ್ಳುವುದು. ಈಗ ಇಪ್ಪತ್ತೆರಡು ಕೂಸುಗಳಿವೆ.

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತಾರೆ. ನಿಜ. ಆದರೆ ರಾಶಿಯ ಮುಂದೆ ದಿನವಿಡೀ ಕೂತವರನ್ನು ಕೇಳಿ ನೋಡಿ. ಘಾಟಿಗೆ ದೊಡ್ಡವರಿಗೇ ಕೆಮ್ಮು ನಿಲ್ಲುವುದಿಲ್ಲ. ಅಂಥ ಕಡೆ ಎಂಟು ತಿಂಗಳ, ಹತ್ತು ತಿಂಗಳ ಕೂಸುಗಳು ಚೀಲದ ಮೇಲೆ ಮಲಗಿರುತ್ತಿದ್ದವು. ಹಾಲು ಕುಡಿಸುವ ಮುಂಚೆ ತಾಯಿ ಎಷ್ಟು ಸಲ ಕೈ ತೊಳೆದರೂ ಸೆರಗಿನಲ್ಲಿ ಖಾರ ಉಳಿದಿರುತ್ತದೆ. ಒಂದು ಮಧ್ಯಾಹ್ನ ಕಣ್ಣು ಉಜ್ಜಿಕೊಂಡು ಕಿರುಚುತ್ತಿದ್ದ ಮಗುವನ್ನು ಎತ್ತಿಕೊಂಡು ಒಬ್ಬಾಕೆ ನನ್ನ ಮನೆ ಬಾಗಿಲಿಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. "ಅಕ್ಕೋರ, ಸಂಜಿತನಕ ಇದನ್ನ ಇಟ್ಕೊಳ್ರಿ" ಎಂದಳು. ನಮ್ಮ ಕೂಸಿನ ಕೋಣೆ ಶುರುವಾದದ್ದು ಹಾಗೆ.

ಅಂಗನವಾಡಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಮೂರು ವರ್ಷ ತುಂಬದ ಕೂಸನ್ನು ಅಲ್ಲಿ ದಿನವಿಡೀ ಬಿಡಲು ಆಗುವುದಿಲ್ಲ, ಮತ್ತು ತಾಯಂದಿರ ಕೆಲಸ ಮುಗಿಯುವ ಹೊತ್ತಿಗೆ ಅದು ಮುಚ್ಚಿರುತ್ತದೆ. ಸರ್ಕಾರದ ಕೂಸಿನ ಮನೆ ಶುರುವಾದದ್ದು ಗ್ರಾಮ ಪಂಚಾಯಿತಿಗಳಲ್ಲಿ, ಉದ್ಯೋಗ ಖಾತ್ರಿಗೆ ಹೋಗುವವರ ಮಕ್ಕಳಿಗೆಂದು. ನಮ್ಮದು ಪುರಸಭೆ ಊರು. ತುಂಬ ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ಆದರೆ ಇವರು ಕಿಲೋ ಲೆಕ್ಕದಲ್ಲಿ ಇವತ್ತು ಒಂದು ದಲಾಲಿ ಅಂಗಡಿ, ನಾಳೆ ಇನ್ನೊಂದು ಅಂಗಡಿಯಲ್ಲಿ ಕೂರುವವರು. ಯಾವ ಹಾಜರಿ ಪುಸ್ತಕದಲ್ಲೂ ಇವರ ಹೆಸರಿಲ್ಲ.

ಹಣಕ್ಕಾಗಿ ನಾವು ತಿರುಗಿದ್ದು ಸ್ವಲ್ಪ ಅಲ್ಲ. ಒಂದು ದೊಡ್ಡ ಕಂಪನಿಯ ಫಾರಂ ಹದಿನೆಂಟು ಪುಟ ಇತ್ತು, ಪೂರ್ತಿ ಇಂಗ್ಲಿಷಿನಲ್ಲಿ. ಮಗಳನ್ನು ಕೂರಿಸಿಕೊಂಡು ನಾಲ್ಕು ರಾತ್ರಿ ತುಂಬಿದೆ. ಬಾಡಿಗೆಗೂ ಆಯಾಗಳ ಸಂಬಳಕ್ಕೂ ಹಣ ಕೇಳಿದ್ದೆವು. ತಿಂಗಳು ತಿಂಗಳು ಬರುವ ಖರ್ಚಿಗೆ ಕೊಡುವುದಿಲ್ಲ, ವಸ್ತು ಬೇಕಾದರೆ ಹೇಳಿ ಎಂದರು. ಇನ್ನೊಬ್ಬ ದಾನಿಗಳು ಒಳ್ಳೆಯ ಮನಸ್ಸಿನಿಂದಲೇ ಒಂದು ದೊಡ್ಡ ಟಿವಿ ಕಳಿಸಿಕೊಟ್ಟರು. ವರ್ಷ ತುಂಬದ ಕೂಸಿಗೆ ಟಿವಿ ಏಕೆ? ಅದು ಇನ್ನೂ ಡಬ್ಬಿಯಲ್ಲೇ ಇದೆ. ಆ ವರ್ಷ ಎರಡು ತಿಂಗಳು ಆಯಾಗಳಿಗೆ ಸಂಬಳ ಕೊಡಲು ಆಗಲಿಲ್ಲ. ಒಬ್ಬಳು ಬಿಟ್ಟು ಹೋದಳು. ಅವಳನ್ನು ಬಿಟ್ಟಿರಲಾರದೆ ಒಂದು ಕೂಸು ಮೂರು ದಿನ ಊಟವನ್ನೇ ಮಾಡಲಿಲ್ಲ. ಅದು ನನಗೆ ಈಗಲೂ ನೋವು.

ವಕೀಲರ ಕಚೇರಿಯ ವಿಷಯ ತಿಳಿದದ್ದು ಆಮೇಲೆ. ಅವರು ಪ್ರತಿ ವರ್ಷ ತಮ್ಮ ಫೀಸಿನಲ್ಲಿ ಒಂದು ಪಾಲು ತೆಗೆದಿಟ್ಟು, ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸಣ್ಣ ಸಂಘಗಳಿಗೆ ಕೊಡುತ್ತಾರೆ. ಯಾರಿಗೆ ಕೊಡಬೇಕು ಎಂದು ಹಿರಿಯ ವಕೀಲರು ಮಾತ್ರ ಕೂತು ತೀರ್ಮಾನಿಸುವುದಿಲ್ಲ. ಗುಮಾಸ್ತರು, ಟೈಪಿಸ್ಟ್ ಎಲ್ಲರೂ ಇರುತ್ತಾರೆ. ಅರ್ಜಿ ಹಾಕಿದ ಸಂಘದಲ್ಲಿ ತಮ್ಮವರು ಯಾರಾದರೂ ಇದ್ದರೆ, ಅಥವಾ ಆ ಸಂಘದ ಕೇಸು ತಮ್ಮ ಹತ್ತಿರ ಇದ್ದರೆ, ಅಂಥವರು ಆ ಹೊತ್ತಿಗೆ ಎದ್ದು ಹೊರಗೆ ಹೋಗಬೇಕು. ಇದನ್ನು ಕೇಳಿ ನನಗೆ ಧೈರ್ಯ ಬಂತು. ನಾಳೆ ಯಾವುದೋ ಋಣಕ್ಕೆ ಸಿಕ್ಕಿಕೊಳ್ಳುತ್ತೇವೇನೋ ಎಂಬ ಅಂಜಿಕೆ ನಮ್ಮ ಸದಸ್ಯರಿಗೆ ಇತ್ತು.

ಅವರ ಫಾರಂ ಎರಡೇ ಪುಟ, ಕನ್ನಡದಲ್ಲಿ. ಯಾರಿಗಾಗಿ ಕೆಲಸ, ಎಷ್ಟು ಜನ, ತಿಂಗಳ ಖರ್ಚು ಎಷ್ಟು. ಕೊನೆಯ ಪ್ರಶ್ನೆ: "ಈ ಹಣ ಬರದಿದ್ದರೆ ಯಾವುದು ನಿಲ್ಲುತ್ತದೆ?" ಇಷ್ಟು ವರ್ಷದಲ್ಲಿ ನಮ್ಮನ್ನು ಯಾರೂ ಹಾಗೆ ಕೇಳಿರಲಿಲ್ಲ. ಆಯಾಗಳ ಸಂಬಳ ನಿಲ್ಲುತ್ತದೆ ಎಂದು ಒಂದೇ ಸಾಲು ಬರೆದೆ.

ಒಬ್ಬ ಯುವ ವಕೀಲೆ ಮತ್ತು ಕಚೇರಿಯ ಗುಮಾಸ್ತರು ಬಸ್ಸಿನಲ್ಲಿ ಮೋಟೆಬೆನ್ನೂರು ಕ್ರಾಸಿಗೆ ಇಳಿದು ಬಂದರು. ಅರ್ಧ ದಿನ ಇದ್ದರು. ಆಕೆ ಮೊದಲು ಮಾರುಕಟ್ಟೆಗೆ ಹೋಗಿ ತಾಯಂದಿರ ಜೊತೆ ಮಾತಾಡಿ, ಕೆಮ್ಮುತ್ತಾ ವಾಪಸ್ ಬಂದರು. ಗುಮಾಸ್ತರು ಖರ್ಚಿನ ಪುಸ್ತಕ ನೋಡುತ್ತಾ, ಡಬ್ಬಿಯಲ್ಲಿದ್ದ ಟಿವಿ ಬಗ್ಗೆ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಕೊಟ್ಟದ್ದು ಎರಡು ಲಕ್ಷ. ಬಾಡಿಗೆ ತಿಂಗಳಿಗೆ 4,500, ಇಬ್ಬರು ಆಯಾಗಳಿಗೆ ಆರಾರು ಸಾವಿರ. ವರ್ಷಕ್ಕೆ 1,98,000 ಆಯಿತು. ಉಳಿದ ಎರಡು ಸಾವಿರಕ್ಕೆ ತೊಟ್ಟಿಲಿಗೆ ಬಟ್ಟೆ ತಂದೆವು. ಹಾಲು, ರವೆ, ಬೆಲ್ಲ ಎಂದಿನಂತೆ ಊರವರದ್ದೇ. ಬಿಟ್ಟು ಹೋಗಿದ್ದ ಆಯಾ ತಿರುಗಿ ಬಂದಳು.

ಅವರಿಂದ ಇದು ಏಕೆ ಆಯಿತು, ಕಂಪನಿಗಳಿಂದ ಏಕೆ ಆಗುವುದಿಲ್ಲ ಎಂದು ಆ ವಕೀಲೆಯನ್ನೇ ಕೇಳಿದೆ. ಅವರು ಹೇಳಿದ್ದು ಹೀಗೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣ ಪಡೆಯುವ ನಮ್ಮಂಥ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ ಬೇಕು, ಮೂರು ವರ್ಷದ ಅನುಭವ ಬೇಕು, 2021ರಿಂದ ಸಿಎಸ್‌ಆರ್-1 ಎಂಬ ಫಾರಂ ತುಂಬಿ ಪಡೆಯುವ ನಂಬರೂ ಬೇಕು. ವಕೀಲರ ಕಚೇರಿಗಳು ಕಂಪನಿಗಳಲ್ಲ, ಪಾಲುದಾರಿಕೆಯಲ್ಲಿ ನಡೆಯುವಂಥವು. ಆ ಕಲಂ ಅವರಿಗೆ ಅನ್ವಯಿಸುವುದಿಲ್ಲ. ಕೊಡಲೇಬೇಕು ಎಂಬ ಕಟ್ಟಳೆ ಇಲ್ಲ, ಹೀಗೇ ಕೊಡಬೇಕು ಎಂಬ ಕಟ್ಟಳೆಯೂ ಇಲ್ಲ. ಬಾಡಿಗೆಗೂ ಕೊಡಬಹುದು, ಸಂಬಳಕ್ಕೂ ಕೊಡಬಹುದು.

ಅವರು ಹಣ ಕೊಟ್ಟು ಸುಮ್ನೆ ಆಗಲಿಲ್ಲ. ನಮ್ಮ ಬೈಲಾ ಓದಿದರು. ಸಂಘ ಮುಚ್ಚಿದರೆ ಉಳಿದ ಆಸ್ತಿ ಇಂಥದ್ದೇ ಇನ್ನೊಂದು ಸಂಘಕ್ಕೆ ಹೋಗಬೇಕು ಎಂಬ ಸಾಲು ಅದರಲ್ಲಿ ಇರಲಿಲ್ಲ. ಸಭೆ ಕರೆದು ಅದನ್ನು ಸೇರಿಸಿದೆವು. ಆಮೇಲೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿಸಿದರು. 80ಜಿ ನೋಂದಣಿ ಸಿಕ್ಕಿತು. ಎರಡು ಸಾವಿರಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ದಾನಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಚೆಕ್ ಕೇಳಿ ಎಂದು ಹೇಳಿಕೊಟ್ಟರು. ಈ ಸಲ ಊರಿನ ಒಬ್ಬ ದಲಾಲರು ಹತ್ತು ಸಾವಿರದ ಚೆಕ್ ಕೊಟ್ಟು ರಸೀದಿ ಕೇಳಿ ಪಡೆದರು. ಆ ಎರಡು ಲಕ್ಷಕ್ಕಿಂತ ಈ ಕಾಗದದ ಕೆಲಸವೇ ದೊಡ್ಡದು ಎಂದು ನನ್ನ ಅಭಿಪ್ರಾಯ. ಅದು ವಕೀಲರಿಗೆ ಅರ್ಧ ದಿನದ ಕೆಲಸ, ನಾವು ಮಾತ್ರ ಆರು ವರ್ಷ ಅದರ ಸುತ್ತ ಒದ್ದಾಡಿದ್ದೆವು.

ಈಗ ನನ್ನ ತಕರಾರು ಹೇಳುತ್ತೇನೆ. ಈ ನೆರವಿನ ಸುದ್ದಿ ನನಗೆ ಗೊತ್ತಾದದ್ದು ಹೇಗೆ? ನನ್ನ ತಂಗಿಯ ಗೆಳತಿ ಆ ಕಚೇರಿಯ ಪಕ್ಕದ ಮನೆಯವರು. ಅಷ್ಟೇ. ಅವರು ಎಲ್ಲೂ ಪ್ರಕಟಣೆ ಹಾಕುವುದಿಲ್ಲ. ವಕೀಲರು ಜಾಹೀರಾತು ಮಾಡಿ ಕಕ್ಷಿದಾರರನ್ನು ಸೆಳೆಯಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಇದೆ. ದಾನದ ಸುದ್ದಿ ಹಾಕಿದರೆ ಅದೂ ಜಾಹೀರಾತು ಅನಿಸಿಕೊಂಡೀತು ಎಂಬ ಅಂಜಿಕೆ ಅವರಿಗೆ. ನಮ್ಮ ಬೋರ್ಡಿನ ಮೇಲೂ ತಮ್ಮ ಹೆಸರು ಬೇಡ ಎಂದರು. ಅವರ ಮಾತಿಗೆ ಬೆಲೆ ಕೊಟ್ಟು ಇಲ್ಲಿಯೂ ಹೆಸರು ಬರೆದಿಲ್ಲ. ಆದರೆ ಹೀಗೆ ಗುಟ್ಟಾಗಿ ಇಟ್ಟರೆ ಪರಿಚಯ ಇದ್ದವರಿಗೆ ಮಾತ್ರ ಹಣ ಸಿಗುತ್ತದೆ, ಅಲ್ವಾ? ರಟ್ಟೀಹಳ್ಳಿಯಲ್ಲೋ ಶಿರಹಟ್ಟಿಯಲ್ಲೋ ನಮಗಿಂತ ಕಷ್ಟದಲ್ಲಿ ಒಂದು ಸಂಘ ನಡೆಯುತ್ತಿರಬಹುದು. ಅವರಿಗೆ ಹುಬ್ಬಳ್ಳಿಯಲ್ಲಿ ಯಾರ ಪರಿಚಯ ಇದೆ?

ಇದಕ್ಕೆ ದಾರಿ ಇದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ವಕೀಲರ ಸಂಘಗಳು ಸೇರಿ ವರ್ಷಕ್ಕೊಮ್ಮೆ ಒಂದೇ ಪ್ರಕಟಣೆ ಹೊರಡಿಸಲಿ. ಯಾವ ಕಚೇರಿಯ ಹೆಸರೂ ಅದರಲ್ಲಿ ಬೇಡ. ಅರ್ಜಿಗಳು ವಕೀಲರ ಸಂಘಕ್ಕೆ ಬರಲಿ, ಕೊಡುವ ಮನಸ್ಸಿರುವ ಕಚೇರಿಗಳು ಅಲ್ಲಿಂದ ಆರಿಸಿಕೊಳ್ಳಲಿ. ಫಾರಂ ತಾಲ್ಲೂಕು ಕೋರ್ಟಿನ ನೋಟಿಸ್ ಬೋರ್ಡಿನಲ್ಲಿ, ಊರ ಗ್ರಂಥಾಲಯದಲ್ಲಿ ಇರಲಿ. ಯಾವ ಸಂಘಕ್ಕೆ ಎಷ್ಟು ಹೋಯಿತು ಎಂಬ ಪಟ್ಟಿಯನ್ನು ವರ್ಷದ ಕೊನೆಗೆ ನಿಮ್ಮ ಪತ್ರಿಕೆ ಛಾಪಿಸಲಿ. 36ನೇ ನಿಯಮಕ್ಕೆ ಇದರಿಂದ ಧಕ್ಕೆ ಇಲ್ಲ ಎಂದು ನನಗೆ ಅನಿಸುತ್ತದೆ. ವಕೀಲರೇ ನೋಡಿ ಹೇಳಲಿ.

ನಮ್ಮ ಭಾಗದಲ್ಲಿ ವಕೀಲರು ಊರ ಕೆಲಸಕ್ಕೆ ನಿಂತದ್ದು ಹೊಸದೇನಲ್ಲ. ಕರ್ನಾಟಕದ ಏಕೀಕರಣಕ್ಕೆ ದುಡಿದ ಧಾರವಾಡದ ಆಲೂರು ವೆಂಕಟರಾಯರು ವಕೀಲರಾಗಿದ್ದವರು, 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಬರೆದ ಗದುಗಿನ ಹುಯಿಲಗೋಳ ನಾರಾಯಣರಾಯರೂ ವಕೀಲರೇ.

ಇನ್ನೊಂದು ಮಾತು. ನೆರವು ಒಂದು ವರ್ಷಕ್ಕೆ ಮಾತ್ರ ಕೊಡುತ್ತಾರೆ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕಾಯುವುದು. ಆಯಾಗಳಿಗೆ "ಮಾರ್ಚ್ ಆದ ಮೇಲೆ ಗೊತ್ತಿಲ್ಲವ್ವ" ಎಂದು ಹೇಳಬೇಕಾಗುತ್ತದೆ. ಮಾರ್ಚಿನಲ್ಲಿ ನಮ್ಮ ಮಾರುಕಟ್ಟೆ ತುಂಬಿ ತುಳುಕುತ್ತಿರುತ್ತದೆ, ಕೂಸುಗಳೂ ಜಾಸ್ತಿ ಬರುತ್ತವೆ. ಕಡಿಮೆ ಕೊಟ್ಟರೂ ಸರಿ, ಮೂರು ವರ್ಷಕ್ಕೆ ಮಾತು ಕೊಡಲಿ.

ಎರಡನೇ ವರ್ಷದ ಅರ್ಜಿ ಮೊನ್ನೆ ತುಂಬಿ ಕಳಿಸಿದ್ದೇನೆ. ಖಾಲಿ ಫಾರಂ ಕೂಡ ಜೆರಾಕ್ಸ್ ಮಾಡಿಸಿ ಹಿರೇಕೆರೂರಿನ ಒಂದು ಸಂಘಕ್ಕೂ ರಾಣೆಬೆನ್ನೂರಿನ ಒಂದು ಸಂಘಕ್ಕೂ ಕೊಟ್ಟಿದ್ದೇನೆ. ಇನ್ನೂ ಹತ್ತು ಪ್ರತಿ ನನ್ನ ಹತ್ತಿರ ಇವೆ. ಬೇಕಾದವರು ಮಧ್ಯಾಹ್ನ ಕೂಸುಗಳು ಮಲಗಿದ ಹೊತ್ತಿಗೆ ನಮ್ಮ ಕೋಣೆಗೆ ಬಂದು ಒಯ್ಯಬಹುದು.

ಇಂತಿ ತಮ್ಮ ಓದುಗಾರ್ತಿ,
ಒಬ್ಬ ನಿವೃತ್ತ ಶಿಕ್ಷಕಿ, ಬ್ಯಾಡಗಿ