ಕರಾವಳಿ ಪ್ರವಾಸ: ಹೊರಡುವ ಮುನ್ನ ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಶುರುವಾಗುವ ಮುನ್ನ ಕರಾವಳಿಗೆ ಹೋಗಿಬರೋಣ ಎಂದು ಮಾತಾಗಿದೆಯಲ್ಲ, ಎಲ್ಲಿಗೆ ಎಂಬ ಪ್ರಶ್ನೆಗೆ ನನ್ನ ಸಲಹೆ ಇದು.

ಮಡಿಕೇರಿಯಿಂದ ನಸುಕಿನಲ್ಲೇ ಹೊರಡೋಣ. ಸಂಪಾಜೆ ಘಾಟಿಯ ತಿರುವುಗಳಲ್ಲಿ ತಲೆ ಸುತ್ತುವವರಿಗೆ ಮುಂದಿನ ಸೀಟು ಬಿಟ್ಟುಕೊಡಿ. ಸುಳ್ಯ, ಪುತ್ತೂರು, ಮಂಗಳೂರು ದಾಟಿ ನೇರ ಮಲ್ಪೆಗೆ.

ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬಾರದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗಿ ಬಿರುಕು ಬಿಟ್ಟು ನಿಂತ ಕಲ್ಲಿನ ಕಂಬಗಳು ಅಲ್ಲಿವೆ. ಹೆಚ್ಚಿನವು ಆರು ಮೂಲೆಯವು, ಪೆನ್ಸಿಲ್ ಕಟ್ಟಿನಂತೆ ಒತ್ತೊತ್ತಾಗಿ ಎದ್ದಿವೆ. ಮಕ್ಕಳು ಕೈಯಿಂದ ಮುಟ್ಟಿ ಮೂಲೆಗಳನ್ನು ಎಣಿಸಲಿ. ದಡದಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು, ಬರಿಗಾಲಿಗೆ ಚುಚ್ಚುತ್ತದೆ, ಚಪ್ಪಲಿ ಇರಲಿ. ಒದ್ದೆ ಬಂಡೆ ಹತ್ತಬೇಡಿ, ಗುರುತು ಹಾಕಿದ ಜಾಗ ಬಿಟ್ಟು ನೀರಿಗಿಳಿಯಬೇಡಿ. ಹೊಳೆಯಲ್ಲಿ ಈಜಿ ಬೆಳೆದವರಿಗೇ ಹೇಳುತ್ತಿದ್ದೇನೆ, ಸಮುದ್ರದ ಸೆಳೆತ ಬೇರೆಯೇ.

ಸಂಜೆ ಕಾಪು. 1901ರ ದೀಪಸ್ತಂಭ ಬಂಡೆಯ ಮೇಲಿದೆ, ಸೂರ್ಯಾಸ್ತಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಮೆಟ್ಟಿಲು ಹತ್ತಲಾಗದ ಹಿರಿಯರು ಕೆಳಗೇ ಆರಾಮವಾಗಿ ಕೂರಬಹುದು.

ಮರುದಿನ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಪಡೆದ ಪಡುಬಿದ್ರಿ ಕಡಲತೀರ; ಸ್ವಚ್ಛವಾಗಿದೆ, ಚಿಕ್ಕ ಮಕ್ಕಳಿರುವವರಿಗೆ ಅನುಕೂಲ. ಯುವಕರಿಗೆ ಸಸಿಹಿತ್ಲುವಿನಲ್ಲಿ ಸರ್ಫಿಂಗ್ ಇದೆ. ಮರವಂತೆ ಚೆಂದವೇ, ಆದರೆ ಎರಡು ದಿನದಲ್ಲಿ ಅಷ್ಟು ದೂರ ಓಡುವುದು ಬೇಡ.

ಬರುವವರು ಭಾನುವಾರ ಸಂಜೆಯೊಳಗೆ ಹೆಸರು, ಮನೆಯಿಂದ ಎಷ್ಟು ಜನ ಎಂದು ಇಲ್ಲೇ ತಿಳಿಸಿ. ವಾಹನ ಗೊತ್ತು ಮಾಡಬೇಕಿದೆ.