ಆ ಗುಳಿಗೆ ಬೇಡ ಅಂದದ್ದು ಯಾಕಂದರೆ

ನನ್ನವ್ವಾ,

ನಿನ್ನೆ ಫೋನಿನಲ್ಲಿ ನಿನಗೆ ಸಿಟ್ಟು ಬಂತು, ಅಲ್ವಾ? ಅಣ್ಣನ ಮದುವೆ ದಿನವೇ ಮುಟ್ಟು ಬರುವ ಹಾಗಿದೆ, ಮುಂದೂಡುವ ಗುಳಿಗೆ ತಗೊಳ್ಲಾ ಅಂತ ಕೇಳಿದೆ. ನಾನು ‘ಬೇಡ’ ಅಂದು ಫೋನ್ ಇಟ್ಟುಬಿಟ್ಟೆ. ಪಡಸಾಲೆ ತುಂಬ ಬೀಗರು ಕೂತಿದ್ದರು, ಹೇಗೆ ಹೇಳಲಿ?

ನೀನು ಹುಟ್ಟಿ ಹನ್ನೆರಡನೇ ದಿನ ನನ್ನ ಎಡಗಾಲು ಊದಿತು. ಅದೊಂದೇ ಕಾಲು. ಮೀನಖಂಡ ಮುಟ್ಟಿದರೆ ಬಿಸಿ, ಜೀವ ಹೋಗುವಷ್ಟು ನೋವು. ಗದಗದ ತವರಿನಲ್ಲಿ ಬಾಣಂತನ. ಹೊರಸಿನ ಕೆಳಗೆ ಕೆಂಡ. ಎದ್ದು ಓಡಾಡುವಂತಿಲ್ಲ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ಎರಡೇ ಗುಟುಕು. ಬಾಣಂತಿ ವಾಯು ಅಂದರು, ಎಣ್ಣೆ ಹಚ್ಚಿ ತಿಕ್ಕಿದರು. ತಿಕ್ಕಬಾರದ ಕಾಲು ಅದು ಅಂತ ಯಾರಿಗೆ ಗೊತ್ತಿತ್ತು? ಮೂರು ದಿನಕ್ಕೆ ಉಸಿರೇ ಸಿಗದಂತಾಯಿತು. ನಿಮ್ಮಪ್ಪ ಬಾಡಿಗೆ ಕಾರು ಮಾಡಿ ಹುಬ್ಬಳ್ಳಿಗೆ ಕರೆತಂದರು. ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತ ತುಂಡಾಗಿ ಶ್ವಾಸಕೋಶಕ್ಕೆ ಹೋಗಿತ್ತು.

ಆಮೇಲೆ ತಿಂಗಳುಗಟ್ಟಲೆ ವಾರ್ಫರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಅಂಕಿ, ಐಎನ್‌ಆರ್, 2ರಿಂದ 3ರೊಳಗೆ ಇರಬೇಕು. ರೊಟ್ಟಿ ಜೊತೆ ರಾಜಗಿರಿ ಪಲ್ಲೆ ಒಂದಿನ ಜಾಸ್ತಿ ತಿಂದರೂ ಅಂಕಿ ಇಳಿಯುತ್ತಿತ್ತು. ಗುಳಿಗೆ ನಿಂತ ಮೇಲೆ ಪರೀಕ್ಷೆ ಮಾಡಿ ಹೇಳಿದರು: ರಕ್ತ ಹೆಪ್ಪುಗಟ್ಟುವುದಕ್ಕೆ ಲಗಾಮು ಹಾಕುವ ಪ್ರೋಟೀನ್ ಎಸ್ ನನಗೆ ಹುಟ್ಟಿನಿಂದಲೇ ಕಡಿಮೆ. ಅದು ನಿನಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ? ‘ಹೆಣ್ಣು ಹುಡುಗಿ, ನಾಳೆ ಸಂಬಂಧ ಬರೋದಿಲ್ಲ’ ಅಂದರು ಮನೆಯವರು. ನಾನೂ ಸುಮ್ನಾದೆ. ತಪ್ಪು ನನ್ನದೇ.

ಆ ಗುಳಿಗೆಯಲ್ಲಿರುವುದು ನೊರೆತಿಸ್ಟೆರಾನ್. ಮುಟ್ಟು ತಡೆಯುವಷ್ಟು ತಗೊಂಡರೆ ಅದರಲ್ಲಿ ಸ್ವಲ್ಪ ಮೈಯೊಳಗೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಆಗುತ್ತದೆ. ಈಸ್ಟ್ರೋಜನ್ನಿಗೆ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಎಷ್ಟೋ ಜನ ತಗೊಳ್ತಾರೆ, ಏನೂ ಆಗುವುದಿಲ್ಲ, ನಿಜ. ಆದರೆ ಅವರ ಅವ್ವನ ಕಥೆ ಬೇರೆ. ಲಗ್ನದ ದಿನಗಳಲ್ಲಿ ಅಂಗಡಿಯವರು ಚೀಟಿ ಕೇಳದೆ ಕೊಡುತ್ತಾರೆ, ಪೆಪ್ಪರಮೆಂಟು ಕೊಟ್ಟ ಹಾಗೆ.

ಅಲ್ಲಿ ಬೆಂಗಳೂರಿನಲ್ಲೇ ರಕ್ತದ ಡಾಕ್ಟರಿಗೆ ತೋರಿಸಿ ಪರೀಕ್ಷೆ ಮಾಡಿಸು. ನನ್ನ ರಿಪೋರ್ಟಿನ ಫೋಟೋ ಕಳಿಸಿದ್ದೇನೆ. ಮುಂದೆ ಬಸಿರು, ಆಪರೇಷನ್ ಏನೇ ಇದ್ದರೂ ಮೊದಲು ಇದನ್ನು ಹೇಳಬೇಕು. ಬರುವಾಗ ರಾತ್ರಿ ಬಸ್ಸು ಬೇಡ. ಹಗಲಿನ ಜನಶತಾಬ್ದಿಗೆ ಬಾ, ನಡುನಡುವೆ ಎದ್ದು ಓಡಾಡು, ನೀರು ಕುಡಿ.

ಮುಟ್ಟಾದರೆ ಆಗಲಿ. ಅಕ್ಕಿಕಾಳು ಹಾಕುವಾಗ ನೀನು ನನ್ನ ಮಗ್ಗುಲಲ್ಲೇ ನಿಂತಿರಬೇಕು. ಕೇಳಿದವರಿಗೆ ನಾನು ಉತ್ತರ ಕೊಡುತ್ತೇನೆ.

ನಿನ್ನ ಅವ್ವ