ಅಳಿಸಿದ ಲೇಖನವನ್ನು ತಕ್ಕೊಂಡು ಬಾ

ಪೆರ್ಲ
ಭಾನುವಾರ

ಪ್ರೀತಿಯ ತಮ್ಮ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಸಿಟ್ಟಿನಲ್ಲಿ ಉತ್ತರ ಬರೆದರೆ ನಿನ್ನ ಉಪಯೋಗಕ್ಕೆ ಬಾರದ ಮಾತುಗಳೇ ತುಂಬಿಕೊಳ್ಳುತ್ತವೆ ಅಂತ ಸುಮ್ಮನಿದ್ದೆ. ಜಾತ್ರೆಯ ಗದ್ದೆಯಲ್ಲಿ ಅನ್ಯಮತದವರು ಅಂಗಡಿ ಹಾಕಬಾರದು ಅಂತ ಬ್ಯಾನರು ಕಟ್ಟಿದ್ದು, ನೀನು ಅದನ್ನು ಬರೆದದ್ದು, ರಾತ್ರಿ ಹನ್ನೊಂದು ಗಂಟೆಗೆ ಫೋನುಗಳು ಶುರುವಾದದ್ದು, ಮರುದಿನ ನಾಲ್ಕು ಜನ ನಿನ್ನ ಅಪ್ಪನ ಅಂಗಡಿಗೆ ಹೋಗಿ ‘ಮಗನಿಗೆ ಸ್ವಲ್ಪ ಬುದ್ಧಿ ಹೇಳಿ’ ಅಂದದ್ದು, ನೀನು ಲೇಖನ ಅಳಿಸಿದ್ದು, ಎಲ್ಲವನ್ನೂ ಎರಡು ಸಲ ಓದಿದೆ. ಕೊನೆಗೆ ‘ಬರೆಯುವುದನ್ನೇ ಬಿಡಲಾ ಮಾಷ್ಟ್ರೇ’ ಅಂತ ಕೇಳಿದ್ದೀಯ.

ಅಳಿಸಿದ್ದಕ್ಕೆ ನಾನು ನಿನ್ನನ್ನು ಬೈಯುವುದಿಲ್ಲ. ಅಪ್ಪನ ಅಂಗಡಿ ಅಂದರೆ ಮನೆಯವರ ಅನ್ನ. ಹೆದರಿಕೆ ಆಗುವುದು ನಾಚಿಕೆಯ ವಿಷಯ ಅಲ್ಲ. ಆದರೆ ಬಿಡುವ ಮಾತು ಈಗ ಬೇಡ. 2015ರ ಜನವರಿಯಲ್ಲಿ ತಮಿಳುನಾಡಿನ ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರೂ, ತಮ್ಮ ಕಾದಂಬರಿಗೆ ವಿರೋಧ ಎದ್ದಾಗ, ಬಿಟ್ಟರು. ನಾಮಕ್ಕಲ್ಲಿನಲ್ಲಿ ಅಧಿಕಾರಿಗಳ ಎದುರು ನಡೆದ ಸಂಧಾನದಲ್ಲಿ ತಲೆಬಾಗಿ ಬಂದು, ಲೇಖಕ ಪೆರುಮಾಳ್ ಮುರುಗನ್ ಸತ್ತ ಅಂತ ಪ್ರಕಟಿಸಿದರು. ಒಂದೂವರೆ ವರ್ಷದ ನಂತರ, 2016ರ ಜುಲೈ 5ರಂದು, ಮದ್ರಾಸ್ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು, ಮತ್ತೆ ಬರೆಯಿರಿ ಅಂತ ಹೇಳಿತು. ಬರೆದರು. ಕೋರ್ಟಿಗೆ ಹೋದವರಲ್ಲಿ ತಮಿಳುನಾಡಿನ ಪ್ರಗತಿಪರ ಲೇಖಕರ ಸಂಘವೂ ಇತ್ತು. ನನಗೆ ಮುಖ್ಯ ಅನಿಸುವುದು ಇದು. ಬರೆದವರು ಕುಸಿದು ಕೂತಾಗ ಅವರ ಪರವಾಗಿ ಮೆಟ್ಟಿಲು ಹತ್ತಲಿಕ್ಕೆ ಬೇರೆಯವರು ಇದ್ದರು.

ಇಲ್ಲಿಯ ಹತ್ತಿರದ ಕಥೆಯೂ ಉಂಟು, ಅದು ಹಾಗೆ ಮುಗಿಯಲಿಲ್ಲ. ನಮ್ಮ ಕೇರಳದ ತೊಡುಪುಳದ ಕಾಲೇಜು ಅಧ್ಯಾಪಕ ಟಿ.ಜೆ. ಜೋಸೆಫ್ ಅವರ ಬಲಗೈಯನ್ನು 2010ರ ಜುಲೈ 4ರಂದು, ಇಗರ್ಜಿಯಿಂದ ಮನೆಗೆ ಬರುವ ದಾರಿಯಲ್ಲಿ, ಪ್ರವಾದಿಗೆ ಅವಮಾನವಾಯಿತು ಅಂತ ಆರೋಪ ಬಂದ ಒಂದು ಪ್ರಶ್ನೆಪತ್ರಿಕೆಯ ಕಾರಣಕ್ಕೆ ಕಡಿದರು. ಕಡಿದವರು ಮತಾಂಧರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಪತ್ರೆಯಿಂದ ಬಂದ ಆ ಮನುಷ್ಯನಿಗೆ ಕೆಲಸವೂ ಹೋಯಿತು. ಪಕ್ಕದಲ್ಲಿ ನಿಲ್ಲಬೇಕಾದವರು ದೂರ ಸರಿದರು. ಕತ್ತಿಯಷ್ಟೇ ಆ ಒಂಟಿತನವೂ ಅವರನ್ನು ಕಡಿಯಿತು ಅಂತ ನನಗೆ ಅನಿಸುತ್ತದೆ.

ನೀನು ಕಾನೂನಿನ ವಿಷಯ ಕೇಳಿದ್ದೀಯ, ಚುಟುಕಾಗಿ ಹೇಳುತ್ತೇನೆ. ಹಿಂದಿನ ದಂಡಸಂಹಿತೆಯ 295ಎ ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು. 1927ರಲ್ಲಿ ಬ್ರಿಟಿಷರ ಕಾಲದಲ್ಲಿ ಸೇರಿದ್ದು. ಯಾರಿಗಾದರೂ ಮನಸ್ಸಿಗೆ ನೋವಾದರೆ ಸಾಲದು, ಧರ್ಮವನ್ನು ಅವಮಾನಿಸುವ ಉದ್ದೇಶಪೂರ್ವಕವಾದ, ದುರುದ್ದೇಶದ ಕೃತ್ಯ ಆಗಿರಬೇಕು ಅಂತ ಸುಪ್ರೀಂ ಕೋರ್ಟು 1957ರಲ್ಲೇ ಹೇಳಿದೆ. ನಿನ್ನ ಲೇಖನದಲ್ಲಿ ದೇವರ ಬಗ್ಗೆ ಒಂದು ಶಬ್ದವೂ ಇಲ್ಲ, ಬ್ಯಾನರು ಕಟ್ಟಿದವರ ಬಗ್ಗೆ ಉಂಟು. ಆದರೂ ಕೇಸು ಹಾಕಲಾರರು ಅಂತ ಧೈರ್ಯ ಕೊಡುವುದಿಲ್ಲ. ಹಾಕಬಹುದು, ಕೇಸು ಬಿದ್ದುಹೋಗುವ ಹೊತ್ತಿಗೆ ನಿನ್ನ ನಾಲ್ಕು ವರ್ಷ ಹೋಗಿರಬಹುದು. ಅದಕ್ಕೇ ಬಂದ ಬೆದರಿಕೆಗಳನ್ನು ತಾರೀಕು, ನಂಬ್ರ ಸಮೇತ ತೆಗೆದಿಡು, ಯಾವುದನ್ನೂ ಅಳಿಸಬೇಡ. ಕರಡನ್ನೂ ಇಟ್ಟುಕೋ.

ಕೇರಳದಲ್ಲೇ ಆದದ್ದನ್ನು ನೆನಪು ಮಾಡಿಕೋ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು, ಅಂತರ್ಜಾಲದಲ್ಲಿ ಬರೆದದ್ದಕ್ಕೆ ಶಿಕ್ಷೆ ಕೊಡುವ ಐಟಿ ಕಾಯಿದೆಯ 66ಎ ಕಲಮನ್ನು ರದ್ದು ಮಾಡಿದಾಗ, ಅದೇ ತೀರ್ಪಿನಲ್ಲಿ ಅಂಥದ್ದೇ ಆದ ಕೇರಳ ಪೊಲೀಸ್ ಕಾಯಿದೆಯ 118(ಡಿ) ಕೂಡ ಹೋಯಿತು. ಐದು ವರ್ಷ ಕಳೆದು 2020ರ ನವೆಂಬರಿನಲ್ಲಿ 118ಎ ಅಂತ ಮತ್ತೊಂದು ಸುಗ್ರೀವಾಜ್ಞೆ ಬಂತು, ಮಾನಹಾನಿಯ ಮಾತಿಗೆ ಮೂರು ವರ್ಷದವರೆಗೆ ಜೈಲು. ಎಲ್ಲ ಕಡೆಯಿಂದ ಕೂಗು ಎದ್ದಿತು. ಎರಡೇ ದಿನದಲ್ಲಿ ಸರಕಾರ ಅದನ್ನು ಜಾರಿ ಮಾಡುವುದಿಲ್ಲ ಅಂತ ಹೇಳಬೇಕಾಯಿತು, ಆಮೇಲೆ ರದ್ದೂ ಆಯಿತು. ಅದನ್ನು ತಂದದ್ದು ನಾನು ಹಲವು ಸಲ ಓಟು ಕೊಟ್ಟ ಪಕ್ಷದ ಸರಕಾರ. ನಮ್ಮವರು ತಂದ ಕಾನೂನು ಅಂತ ನಾವು ಬಾಯಿ ಮುಚ್ಚಿಕೊಂಡಿದ್ದರೆ ಅದು ಇಂದು ನಿನ್ನ ಮೇಲೆ ಬೀಳುತ್ತಿತ್ತು.

ಈಗ ನನ್ನ ಬದುಕಿನದ್ದೊಂದು ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಕೆಡವಿ ಒಂದು ತಿಂಗಳಾಗಿತ್ತು. ನಮ್ಮ ಊರಿನಲ್ಲಿ ಒಂದು ಮೆರವಣಿಗೆ ಮಸೀದಿಯ ಎದುರು ನಿಂತುಬಿಟ್ಟಿತು. ಚೆಂಡೆ ನಿಲ್ಲಲಿಲ್ಲ, ಒಳಗಿನಿಂದ ಕೆಲವರು ಹೊರಗೆ ಬಂದರು, ಕಲ್ಲು ಬಿತ್ತು. ಯಾರಿಗೂ ದೊಡ್ಡ ಗಾಯವಾಗಲಿಲ್ಲ, ಆದರೆ ಮರುದಿನದಿಂದ ಶಾಲೆಯ ಮಕ್ಕಳು ಎರಡು ಗುಂಪಾಗಿ ನಡೆಯತೊಡಗಿದರು. ನಾನು ಒಂದು ಮಾಸಪತ್ರಿಕೆಗೆ ಲೇಖನ ಬರೆದೆ. ಆಗ ನನಗೊಂದು ಅಭ್ಯಾಸ ಇತ್ತು, ಬರೆದದ್ದನ್ನು ಶನಿವಾರ ಬೀಡಿ ಬ್ರಾಂಚಿನಲ್ಲಿ ಓದುವುದು. ಬೀಡಿ ಕಟ್ಟುವವರಲ್ಲಿ ಹಳೆಯ ಪದ್ಧತಿ ನಿನಗೆ ಗೊತ್ತಿರಬಹುದು. ಒಬ್ಬ ಪೇಪರು ಓದುತ್ತಾನೆ, ಉಳಿದವರು ಅವನ ಪಾಲಿನ ಬೀಡಿಯನ್ನೂ ಕಟ್ಟಿಕೊಡುತ್ತಾರೆ. ಹಾಗಾಗಿ ಓದುವುದನ್ನು ಕೇಳುವುದು ಅಲ್ಲಿ ಹೊಸತಲ್ಲ. ಮೊರ ಮಡಿಲಲ್ಲಿಟ್ಟು ಎಲೆ ಕತ್ತರಿಸುತ್ತಾ, ನೂಲು ಸುತ್ತುತ್ತಾ, ತಲೆ ಎತ್ತದೆ ಕೇಳುತ್ತಿದ್ದರು.

‘ಮಸೀದಿಯವರೆಲ್ಲರೂ ಕಲ್ಲು ಹಿಡಿದು ನಿಂತರು’ ಅಂತ ಓದಿದೆ. ಚೆಕ್ಕರ್ ಕೆಲಸದ ಮುದುಕರು ಕಟ್ಟು ಎಣಿಸುವುದನ್ನು ನಿಲ್ಲಿಸಿದರು. ‘ಮಾಷ್ಟ್ರೇ, ನಾನೂ ಆ ಹೊತ್ತಿಗೆ ಅಲ್ಲಿ ನಮಾಜಿಗೆ ಇದ್ದೆ. ನನ್ನ ಕೈಯಲ್ಲಿ ಕಲ್ಲು ಇತ್ತಾ?’ ಅಂದರು. ನಾನು ಮುಂದಿನ ವಾಕ್ಯಕ್ಕೆ ಹೋದೆ, ‘ಮೆರವಣಿಗೆಯವರೆಲ್ಲರೂ ಕೆಟ್ಟ ಘೋಷಣೆ ಕೂಗಿದರು’. ಈಗ ಮೂಲೆಯಲ್ಲಿ ಕೂತಿದ್ದ ಅಕ್ಕ ಒಬ್ಬರು ಬಾಯಿ ಬಿಟ್ಟರು. ‘ನನ್ನ ಮಗ ಕೊಡೆ ಹಿಡಿದುಕೊಂಡು ಮುಂದೆ ಇದ್ದ. ಅವನು ಕೂಗಲಿಲ್ಲ. ಅವನಿಗೆ ನಾಚಿಕೆಯಾಗಿ ಅರ್ಧದಲ್ಲಿ ಮನೆಗೆ ಬಂದ.’

ಆ ದಿನ ಅಲ್ಲಿಂದ ಎದ್ದು ಹೋಗಿ ಮೂರು ದಿನ ಮನೆ ಮನೆ ತಿರುಗಿದೆ. ಯಾರು ಕೂಗಿದರು, ಎಷ್ಟು ಜನ, ಕಲ್ಲು ಎಲ್ಲಿಂದ ಬಂತು. ಕೊನೆಗೆ ಲೇಖನದಲ್ಲಿ ‘ಎಲ್ಲರೂ’ ಅನ್ನುವ ಶಬ್ದ ಎರಡು ಕಡೆಯೂ ಹೋಯಿತು. ಒಂದು ಕಡೆ ‘ಏಳೆಂಟು ಹುಡುಗರು’ ಅಂತಾಯಿತು, ಇನ್ನೊಂದು ಕಡೆ ‘ಪೇಟೆಯಿಂದ ಜೀಪಿನಲ್ಲಿ ಬಂದ ಹತ್ತು ಹನ್ನೆರಡು ಜನ’ ಅಂತಾಯಿತು. ಮೊದಲಿನದಕ್ಕಿಂತ ಎಷ್ಟೋ ಪಾಲು ಖಾರವಾಯಿತು. ಯಾಕೆಂದರೆ ‘ಎಲ್ಲರೂ’ ಅಂದಾಗ ಯಾರಿಗೂ ತಾಗುವುದಿಲ್ಲ, ಲೆಕ್ಕ ಹೇಳಿದಾಗ ಆ ಹತ್ತು ಜನಕ್ಕೆ ಸರಿಯಾಗಿ ತಾಗುತ್ತದೆ.

ತಾಗಿತು. ಪತ್ರಿಕೆ ಬಂದ ವಾರ ರಾತ್ರಿ ಎಂಟೂವರೆಗೆ ನಮ್ಮ ಅಂಗಳದಲ್ಲಿ ಜೀಪು ನಿಂತಿತು. ನನ್ನ ಹೆಂಡತಿ ಮಕ್ಕಳನ್ನು ಒಳಗೆ ಕಳಿಸಿ ಬಾಗಿಲಿಗೆ ಅಡ್ಡ ನಿಂತಳು. ಹೊರಗೆ ಮಾತು ಏರುತ್ತಿದ್ದ ಹಾಗೆ ತೋಟದ ದಾರಿಯಲ್ಲಿ ಒಣಗಿದ ತೆಂಗಿನ ಗರಿಯ ಸೂಟೆಯ ಬೆಳಕು ಕಂಡಿತು. ಬ್ರಾಂಚಿನವರು. ಆ ಅಕ್ಕನೂ ಇದ್ದರು, ಅವರ ಮಗನೂ ಇದ್ದ, ಚೆಕ್ಕರ್ ಮುದುಕರು ಹಿಂದೆ ಮೆಲ್ಲಗೆ ಬರುತ್ತಿದ್ದರು. ಯಾರೂ ಕೈ ಎತ್ತಲಿಲ್ಲ. ಜಗಲಿಯ ಮೇಲೆ ಕೂತರು. ಅಕ್ಕ ಹೇಳಿದ್ದು ಇಷ್ಟೆ: ‘ಅದನ್ನು ಮಾಷ್ಟ್ರು ನಮ್ಮೆದುರು ಓದಿದ್ದಾರೆ. ತಪ್ಪು ಇದ್ದದ್ದನ್ನು ನಾವು ಹೇಳಿದ್ದೇವೆ, ತಿದ್ದಿದ್ದಾರೆ. ಇನ್ನೂ ತಪ್ಪು ಇದ್ದರೆ ಇಲ್ಲೇ ಓದಿ ಹೇಳಿ, ನಾವೂ ಕೇಳುತ್ತೇವೆ.’ ಜೀಪಿನವರಲ್ಲಿ ಯಾರೂ ಓದಿರಲಿಲ್ಲ. ಅರ್ಧ ಗಂಟೆ ನಿಂತು ಹೋದರು.

ತಮ್ಮ, ಮಾತಿನ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿಯನ್ನು ನಾನು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಅದು ನನ್ನ ಅಂಗಳಕ್ಕೆ ಬಂದದ್ದು ಆ ರಾತ್ರಿ ಸೂಟೆ ಹಿಡಿದುಕೊಂಡು.

ಆ ಬ್ರಾಂಚು ಈಗ ಇಲ್ಲ. ಕಟ್ಟಡದಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಉಂಟು. ಊರಿನ ಯುವಕ ಮಂಡಲದಲ್ಲಿ ಆಗ ಎಲ್ಲ ಮತದ ಹುಡುಗರು ಒಟ್ಟಿಗೆ ವಾಲಿಬಾಲ್ ಆಡುತ್ತಿದ್ದರು, ರಸ್ತೆಗೆ ಶ್ರಮದಾನ ಮಾಡುತ್ತಿದ್ದರು. ಈಗ ಅದೇ ಊರಿನಲ್ಲಿ ಮೂರು ಕ್ಲಬ್ಬು, ಮೂರು ಬಣ್ಣ, ಮೂರು ಆಂಬುಲೆನ್ಸು. ಆಂಬುಲೆನ್ಸು ಬಂದದ್ದು ಒಳ್ಳೆಯದೇ. ಆದರೆ ಪಂಚಾಯತಿನಲ್ಲಿ ನೀರಿನ ಪ್ರಶ್ನೆ ಎದ್ದರೆ ಮೊದಲು ಕೇಳುವುದು ‘ಯಾರ ಕಡೆಯವರು ಎತ್ತಿದ್ದು’ ಅಂತ. ಓದಿದ ಮಕ್ಕಳು ಗಲ್ಫಿಗೋ ಬೆಂಗಳೂರಿಗೋ ಹೋದರು. ಅವರಿಗೆ ಸಿಟ್ಟು ಕಡಿಮೆಯಾಗಿಲ್ಲ, ಅಲ್ಲಿಂದಲೇ ಫೋನಿನಲ್ಲಿ ಊರನ್ನು ಜಗಳಕ್ಕೆ ಎಬ್ಬಿಸುತ್ತಾರೆ. ಜಗಳ ಬಿಡಿಸಲಿಕ್ಕೆ ಮಾತ್ರ ಅಲ್ಲಿಂದ ಬರಲಿಕ್ಕೆ ಆಗುವುದಿಲ್ಲ.

ಹೋರಾಟ ಸತ್ತಿತು ಅಂತ ನೀನು ಬರೆದಿದ್ದೀಯ. ಅರ್ಧ ಒಪ್ಪುತ್ತೇನೆ. ನಮ್ಮ ಎಣ್ಮಕಜೆ ಪಂಚಾಯತಿನ ಪಡ್ರೆಗೆ ಇಲ್ಲಿಂದ ಹೆಚ್ಚು ದೂರವಿಲ್ಲ. ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮೊದಲು ಮಾತಾಡಿದವರು ಯಾವ ಪಕ್ಷದ ಮುಖಂಡರೂ ಅಲ್ಲ. ಕೃಷಿಯ ವಿಷಯ ಬರೆಯುತ್ತಿದ್ದ ಶ್ರೀಪಡ್ರೆ, ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಾ ಒಂದೊಂದು ಮನೆಯ ಕಾಯಿಲೆಯನ್ನು ಗುರುತು ಹಾಕಿಟ್ಟ ಡಾ. ವೈ.ಎಸ್. ಮೋಹನ್ ಕುಮಾರ್, ಸರಕಾರಿ ಕೆಲಸದಲ್ಲಿದ್ದುಕೊಂಡೇ ಕೋರ್ಟಿಗೆ ಹೋಗಿ 1998ರಲ್ಲಿ ಸಿಂಪಡಣೆಗೆ ತಡೆ ತಂದ ಲೀಲಾಕುಮಾರಿ ಅಮ್ಮ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿಯಂತೆ ಮೂರು ತಿಂಗಳಲ್ಲಿ ಕೊಡಿ ಅಂತ 2017ರ ಜನವರಿ 10ರಂದು ಆದೇಶವಾಯಿತು. ಆದೇಶವಾದ ಮೇಲೂ 2019ರಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಉಪವಾಸ ಕೂತರು. ಹಾಗಾಗಿ ಹೋರಾಟ ಸಾಯಲಿಲ್ಲ, ತಾಯಂದಿರ ತಲೆಯ ಮೇಲೆ ಬಿತ್ತು. ಅಲ್ಲಿಂದ ಜಾಗ ಖಾಲಿ ಮಾಡಿದವರು ನಾವು, ಓದು ಬರಹ ಬಲ್ಲವರು. ಆ ತಾಯಂದಿರ ನಡುವೆ ಎಲ್ಲ ಮತದವರೂ ಇದ್ದಾರೆ. ಮಲಗಿದಲ್ಲೇ ಇರುವ ಮಗುವಿನ ಬಟ್ಟೆ ಬದಲಿಸುವಾಗ ನಮ್ಮವರು, ಅವರ ಕಡೆಯವರು ಅನ್ನುವ ಮಾತು ಬರುವುದಿಲ್ಲ. ನೀನು ಒಮ್ಮೆ ಅಂಥ ಮನೆಯಲ್ಲಿ ಒಂದು ಹಗಲು ಕೂತು ಬರಬೇಕು.

ನಿನ್ನ ಬರವಣಿಗೆಯ ಬಗ್ಗೆ ಎರಡು ಮಾತು. ನೀನು ನಿನ್ನ ಕಡೆಯವರ ತಪ್ಪನ್ನೇ ಬರೆದೆ, ಅದು ನನಗೆ ಸಂತೋಷ. ಕಾಸರಗೋಡಿನಲ್ಲಿ ಹುಟ್ಟಿದ ಲೇಖಕಿ ಸಾರಾ ಅಬೂಬಕ್ಕರ್ ಅವರು ಮಾಡಿದ್ದೂ ಅದನ್ನೇ. ತಲಾಕಿನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಆಗುವ ಅನ್ಯಾಯವನ್ನು ಅವರು ಬರೆದಾಗ ಸಿಟ್ಟಾದವರು ಅವರ ಸಮುದಾಯದವರೇ. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಮಾರಂಭದಲ್ಲಿ ಅವರ ಮೇಲೆ ಕೈಮಾಡಲಿಕ್ಕೂ ಬಂದರು. ಅವರು ಬರೆಯುವುದನ್ನು ಬಿಡಲಿಲ್ಲ, ತನ್ನವರನ್ನೂ ಬಿಡಲಿಲ್ಲ. ಆ ಎರಡನೆಯದು ಕಷ್ಟ. ನಿನ್ನ ಲೇಖನದ ಕೊನೆಯ ಭಾಗದಲ್ಲಿ ನೀನು ಊರನ್ನು ಬಿಟ್ಟುಬಿಟ್ಟಿದ್ದೀಯ. ‘ಇಡೀ ಊರು ವಿಷವಾಗಿದೆ’ ಅಂತ ಬರೆದಿದ್ದೀಯ. ಅಲ್ಲಿ ನನ್ನ ‘ಎಲ್ಲರೂ’ ಕಂಡಿತು ನನಗೆ.

ಆ ವಾಕ್ಯ ಯಾರಿಗಾಗಿ ಬರೆದದ್ದು ಅಂತ ನಿನ್ನನ್ನೇ ಕೇಳಿಕೋ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿರುವ ಕನ್ನಡಿಗರು. ನಮ್ಮನ್ನು ಓದುವವರು ಹೆಚ್ಚಾಗಿ ಹೊಳೆಯ ಆಚೆ, ಗಡಿಯ ಆಚೆ. ಅಲ್ಲಿಯವರಿಗೆ ಕಾಸರಗೋಡು ಸುದ್ದಿಯಾಗುವುದು ಗಲಾಟೆಯಾದಾಗ. ಒಂದು ಗುಂಪಿಗೆ ಇದು ಹೆದರಿಸಲಿಕ್ಕೆ ಬೇಕಾದ ಊರು, ಇನ್ನೊಂದು ಗುಂಪಿಗೆ ಸೌಹಾರ್ದದ ಭಾಷಣಕ್ಕೆ ಬೇಕಾದ ಊರು. ಎರಡಕ್ಕೂ ಸರಕು ಒದಗಿಸಬೇಡ. ಮಂಜೇಶ್ವರದ ಉದ್ಯಾವರದಲ್ಲಿ ಜಾತ್ರೆಗೆ ಮೊದಲು ಒಂದು ಶುಕ್ರವಾರ ಅರಸು ಮಂಜಿಷ್ಣಾರ್ ದೈವಗಳನ್ನು ಮೈಮೇಲೆ ತರಿಸಿಕೊಳ್ಳುವ ಪಾತ್ರಿಗಳು ಮಸೀದಿಗೆ ಹೋಗಿ ಜಮಾಅತಿನವರನ್ನು ಆಮಂತ್ರಿಸುವ ಕ್ರಮ ಉಂಟು. ಅದನ್ನು ಬರೆಯುವುದಾದರೆ ದೂರದಿಂದ ಕೈಮುಗಿದು ಬರೆಯಬೇಡ. ಆ ದಿನ ಅಲ್ಲಿ ಹೋಗಿ ನಿಲ್ಲು. ಯಾರು ಎದ್ದು ನಿಂತರು, ಯಾರ ಮುಖ ಬಿಗಿದಿತ್ತು, ಈ ವರ್ಷ ಯಾರು ಬರಲಿಲ್ಲ, ಅದನ್ನು ಬರೆ. ಹಳೆಯ ಕ್ರಮವನ್ನು ಇಂದಿಗೂ ಒಬ್ಬರು ಕಷ್ಟಪಟ್ಟು ಉಳಿಸಿಕೊಂಡಿದ್ದಾರೆ ಅಂದರೆ, ಆ ಕಷ್ಟವೇ ಬರೆಯುವಂಥದ್ದು.

ಅಪ್ಪನ ಅಂಗಡಿಗೆ ಬಂದ ನಾಲ್ವರಲ್ಲಿ ಇಬ್ಬರು ನಿನ್ನ ಶಾಲೆಯ ಸಹಪಾಠಿಗಳು ಅಂತ ಬರೆದಿದ್ದೀಯ. ಅವರಲ್ಲಿ ಒಬ್ಬನನ್ನು ನಾನೂ ಬಲ್ಲೆ, ಅವನ ಅಮ್ಮನಿಗೆ ಕಾಗದ ಬರೆದುಕೊಡುತ್ತಿದ್ದೆ. ಅವನ ಹತ್ತಿರ ನಾನೇ ಮಾತಾಡುತ್ತೇನೆ. ಲೇಖನ ಹಿಂದಕ್ಕೆ ತೆಗೆಸಿದ್ದಕ್ಕೆ ಅವನನ್ನು ಬೈಯಲಿಕ್ಕಲ್ಲ. ಓದಿದ್ದಾನಾ ಅಂತ ಕೇಳಲಿಕ್ಕೆ.

ಬರುವ ಶನಿವಾರ ಕುಂಬಳೆಯಿಂದ ಬೆಳಗ್ಗಿನ ಬಸ್ಸಿಗೆ ಬದಿಯಡ್ಕಕ್ಕೆ ಬಾ, ಅಲ್ಲಿಂದ ಪೆರ್ಲಕ್ಕೆ ಬಸ್ಸು ಉಂಟು. ಅಳಿಸಿದ ಲೇಖನದ ಪ್ರತಿ ಇದ್ದರೆ ತಕ್ಕೊಂಡು ಬಾ, ಇಲ್ಲದಿದ್ದರೆ ನೆನಪಿನಿಂದ ಬರೆದು ತಾ. ಲೈಬ್ರೆರಿಯ ಹಿಂದಿನ ಕೋಣೆಯ ಕೀಲಿಕೈ ನನ್ನ ಹತ್ತಿರ ಉಂಟು. ಜಾತ್ರೆಯಲ್ಲಿ ಬಳೆ ಅಂಗಡಿ ಹಾಕುತ್ತಿದ್ದ ಮುಸ್ಲಿಂ ಅಣ್ಣ ಇಚ್ಚನಿಗೂ ಹೇಳಿದ್ದೇನೆ, ಬರುತ್ತೇನೆ ಅಂದಿದ್ದಾರೆ. ಭಜನಾ ಮಂದಿರದ ಇಬ್ಬರು ಬರುತ್ತಾರೆ, ಇನ್ನೂ ಒಬ್ಬರು ಬಂದರೂ ಬರಬಹುದು. ಬ್ರಾಂಚಿನ ಆ ಅಕ್ಕನಿಗೆ ಈಗ ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಅವರನ್ನು ನಾನೇ ಆಟೋದಲ್ಲಿ ಕರೆದುಕೊಂಡು ಬರುತ್ತೇನೆ. ನೀನು ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ ಓದು. ಪೆನ್ನು ತರಲಿಕ್ಕೆ ಮರೆಯಬೇಡ.

ನಿನ್ನ
ಮಾಷ್ಟ್ರು